ಸೋಗಾನೆಯಿಂದ ದೇವನಹಳ್ಳಿಗೆ ನಿಜವಾಗಿ ಎಷ್ಟು ಹೊತ್ತು?

ರಾಜ್ಯದ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆ, ಕೆಎಸ್‌ಐಐಡಿಸಿ ಮತ್ತು ಕೆಎಸ್‌ಆರ್‌ಟಿಸಿ ಅಧಿಕಾರಿಗಳಿಗೆ, ಶಿವಮೊಗ್ಗ ಜಿಲ್ಲೆಯ ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸಾಗರದ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿಗಳ ಜೊತೆಗೆ ಬಸ್ಸು, ರೈಲು, ವಿಮಾನದ ಟಿಕೆಟ್ಟೂ ಮಾಡಿಕೊಡುತ್ತೇನೆ. 2023ರ ಆಗಸ್ಟ್ 31ರಂದು ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತಲ್ಲ, ಅವತ್ತಿನಿಂದ ನನ್ನ ಮೇಜಿನ ಎದುರು ಕೂತವರು ಮೊದಲು ಕೇಳುವುದು ದರವನ್ನಲ್ಲ. "ಇಲ್ಲಿಂದ ಬೆಂಗಳೂರು ಏರ್‌ಪೋರ್ಟಿಗೆ ಎಷ್ಟು ಹೊತ್ತು?" ಅಂತ. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಕೆಲಸ. ಆ ಉತ್ತರವನ್ನು ಚಿಕ್ಕದು ಮಾಡುವುದು ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಪತ್ರ.

ಒಬ್ಬ ಅಜ್ಜಿ ಬಂದಿದ್ದರು, ಹೊಸನಗರದ ಕಡೆಯವರು. ಮಗಳು ಕೊಲ್ಲಿ ದೇಶದಲ್ಲಿದ್ದಾಳೆ, ಬಾಣಂತನಕ್ಕೆ ಹೋಗಬೇಕು. ಮೊಮ್ಮಗ ಮೊಬೈಲಿನಲ್ಲಿ ಯಾವುದೋ ಲೆಕ್ಕ ತೋರಿಸಿದ್ದನಂತೆ, ಶಿವಮೊಗ್ಗದಿಂದ ಬೆಂಗಳೂರು ಏರ್‌ಪೋರ್ಟಿಗೆ ಅರ್ಧ ಗಂಟೆ ಅಂತ. ಟಿಕೆಟ್ ಮೇಲೆ ನೋಡಿದರೆ ಒಂದು ಗಂಟೆಯ ಮೇಲಿದೆ. "ಮಗಾ, ಅರ್ಧ ಗಂಟೆಯೋ ಒಂದು ಗಂಟೆಯೋ, ಬೆಳಿಗ್ಗೆ ತಿಂಡಿ ತಿಂದ್ಕಂಡು ಆರಾಮಾಗಿ ಹೊರಟ್ರೆ ಸಾಕಲ?" ಅಂದರು. ಸಾಕಾಗುವುದಿಲ್ಲ ಅಮ್ಮ, ನಸುಕಿನಲ್ಲೇ ಹೊರಡಬೇಕು ಅಂದೆ. ಅವರು ನಂಬಲಿಲ್ಲ. ಯಾಕೆ ನಂಬಬೇಕು? ಪೇಪರಿನಲ್ಲಿ, ಭಾಷಣದಲ್ಲಿ, ಬ್ಯಾನರಿನಲ್ಲಿ ಎಲ್ಲ ಕಡೆ ಅವರು ಓದಿದ್ದು ಬೆಂಗಳೂರು ಈಗ ಒಂದೇ ಗಂಟೆ ಅಂತಲೇ.

ಈ ಎರಡೂ ಲೆಕ್ಕ ಸುಳ್ಳಲ್ಲ. ನಕ್ಷೆಯ ಮೇಲೆ ಸೋಗಾನೆಯಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಆಗುತ್ತದೆ. ಈ ದಾರಿಯಲ್ಲಿ ಓಡುವ ಎಟಿಆರ್-72 ಎರಡು ಪಂಖದ ವಿಮಾನ. ಮೇಲೇರಿದ ಮೇಲೆ ಅದರ ವೇಗ ಗಂಟೆಗೆ ಹೆಚ್ಚುಕಡಿಮೆ 500 ಕಿ.ಮೀ. ಭಾಗಿಸಿದರೆ ಅರ್ಧ ಗಂಟೆಗೂ ಒಂದು ನಿಮಿಷ ಕಡಿಮೆ. ಮೊಮ್ಮಗನ ಮೊಬೈಲ್ ತೋರಿಸಿದ್ದು ಇದನ್ನೇ. ಆದರೆ ಯಾವ ವಿಮಾನವೂ ನೆಲದಿಂದಲೇ 500ರ ವೇಗದಲ್ಲಿ ಹೊರಡುವುದಿಲ್ಲ. ಮೇಲೇರಬೇಕು, ಇಳಿಯಬೇಕು. ಬೆಂಗಳೂರಿನ ಆಕಾಶದಲ್ಲಿ ಸಾಲಿನಲ್ಲಿ ನಿಂತು ತನ್ನ ಸರದಿ ಬಂದಾಗ ರನ್‌ವೇ ಕಡೆ ತಿರುಗಬೇಕು. ಅಲ್ಲಿ ರನ್‌ವೇ ಎರಡಿದ್ದರೂ ವಿಮಾನಗಳು ಲೆಕ್ಕವಿಲ್ಲದಷ್ಟು. ಇಳಿದ ಮೇಲೂ ನಿಲ್ಲುವ ಜಾಗದವರೆಗೆ ನೆಲದ ಮೇಲೆ ಉರುಳಿಕೊಂಡು ಹೋಗಬೇಕು. ವೇಳಾಪಟ್ಟಿಯಲ್ಲಿ ಬರೆಯುವುದು ಹೊರಡುವ ಕಡೆ ಚಕ್ರದ ಅಡ್ಡಗಟ್ಟೆ ತೆಗೆದ ಹೊತ್ತಿನಿಂದ ತಲುಪುವ ಕಡೆ ಅಡ್ಡಗಟ್ಟೆ ಇಟ್ಟ ಹೊತ್ತಿನವರೆಗಿನ ಸಮಯ. ಸ್ವಲ್ಪ ತಡವಾದರೂ ನಿಭಾಯಿಸಲಿ ಅಂತ ಒಂದಿಷ್ಟು ನಿಮಿಷ ಸೇರಿಸಿಯೂ ಇರುತ್ತಾರೆ. ಹಾಗಾಗಿ ಅರ್ಧ ಗಂಟೆ ಒಂದು ಗಂಟೆಯಾಗುತ್ತದೆ, ಕೆಲವೊಮ್ಮೆ ಒಂದೂಕಾಲು. ಇದರಲ್ಲಿ ಯಾರ ತಪ್ಪೂ ಇಲ್ಲ.

ಆದರೆ ಹೊಸನಗರದ ಅಜ್ಜಿ ಸೋಗಾನೆಯ ರನ್‌ವೇ ಮೇಲೆ ಮನೆ ಕಟ್ಟಿಕೊಂಡಿಲ್ಲ.

ಸಾಗರದಿಂದ ಶಿವಮೊಗ್ಗಕ್ಕೆ 72 ಕಿ.ಮೀ. ನಾವು ಊರನ್ನು ವಾಯವ್ಯದ ಕಡೆಯಿಂದ ಹೊಗುತ್ತೇವೆ, ಸೋಗಾನೆ ಇರುವುದು ಊರಿನ ಆಚೆ, ಭದ್ರಾವತಿಯ ದಿಕ್ಕಿಗೆ. ಅಂದರೆ ಇಡೀ ಶಿವಮೊಗ್ಗ ದಾಟಬೇಕು. ಬಾಡಿಗೆ ಕಾರಿನಲ್ಲಿ ಹೋದರೂ ಎರಡು ಗಂಟೆ ಇಟ್ಟುಕೊಳ್ಳಿ ಎಂದೇ ನಾನು ಎಲ್ಲರಿಗೂ ಹೇಳುವುದು. ಲಗೇಜು ಕೊಡುವ ಕೌಂಟರ್ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಆದ್ದರಿಂದ ಅದಕ್ಕಿಂತ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ಇಲ್ಲಿಗೆ ಮೂರೂವರೆ ಗಂಟೆ ಮುಗಿಯಿತು, ವಿಮಾನ ಇನ್ನೂ ನೆಲದ ಮೇಲೇ ಇದೆ. ಹಾರಾಟದ ಒಂದು ಗಂಟೆ ಸೇರಿಸಿ. ಇಳಿದು, ಬಸ್ಸಿನಲ್ಲಿ ಟರ್ಮಿನಲ್ಲಿಗೆ ಬಂದು, ಬೆಲ್ಟಿನ ಮೇಲೆ ಬ್ಯಾಗು ಕಾಯಲು ಅರ್ಧ ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್ ಕಡೆಗೆ 35 ಕಿ.ಮೀ. ಮೇಲೆ, ಹೆಬ್ಬಾಳದಲ್ಲಿ ವಾಹನ ನಿಂತರೆ ಒಂದೂವರೆ ಗಂಟೆ. ಕೂಡಿಸಿದರೆ ಆರೂವರೆ ಗಂಟೆ. ಬೆಳಗಿನ ಜನಶತಾಬ್ದಿ ಶಿವಮೊಗ್ಗದಿಂದ ಬೆಂಗಳೂರಿಗೆ ನಾಲ್ಕೂವರೆ ಗಂಟೆ ಆಸುಪಾಸಿನಲ್ಲಿ ಮುಟ್ಟಿಸುತ್ತದೆ. ಅದೂ ಬೇಡ ಅಂದರೆ ರಾತ್ರಿ ಉಂಡು ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ತಾಳಗುಪ್ಪ–ಮೈಸೂರು ರೈಲು ಹತ್ತಿ ಮಲಗಿದರೆ ಕಣ್ಣು ಬಿಡುವಷ್ಟರಲ್ಲಿ ಬೆಂಗಳೂರು. ಹಗಲು ಹಾಳಾಗುವುದಿಲ್ಲ, ಹೋಟೆಲ್ ರೂಮಿನ ದುಡ್ಡೂ ಉಳಿಯುತ್ತದೆ. ಮಲೆನಾಡಿನವರು ರಾತ್ರಿ ಬಸ್ಸು, ರಾತ್ರಿ ರೈಲು ಹಿಡಿಯುವುದು ವಿಮಾನದ ಸುಖ ಗೊತ್ತಿಲ್ಲದೆ ಅಲ್ಲ. ಅವರಿಗೆ ದಿನದ ಲೆಕ್ಕ ಚೆನ್ನಾಗಿ ಗೊತ್ತಿದೆ.

ದೂರವನ್ನು ಕಾಯುವ ಹೊತ್ತಿನಲ್ಲಿ ಅಳೆಯುವುದನ್ನು ನಮ್ಮ ತಾಲ್ಲೂಕಿನವರಿಗೆ ಯಾರೂ ಕಲಿಸಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿದ ಮೇಲೆ ತುಮರಿ, ಬ್ಯಾಕೋಡು ಕಡೆಯವರಿಗೆ ಸಾಗರ ಎಷ್ಟು ದೂರ ಅನ್ನುವುದನ್ನು ನಿರ್ಧರಿಸುತ್ತಿದ್ದದ್ದು ರಸ್ತೆಯಲ್ಲ, ಲಾಂಚು. ದಡದಲ್ಲಿ ನಿಂತವನಿಗೆ ಎದುರು ದಡ ಕಣ್ಣಿಗೆ ಕಾಣುತ್ತಿತ್ತು. ಕೊನೆಯ ಲಾಂಚು ಹೋಗಿಬಿಟ್ಟಿದ್ದರೆ ಅದು ಮರುದಿನದವರೆಗೆ ದೂರ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ಆ ಭಾಗದವರಿಗಾದ ಸಂತೋಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಸಿಕ್ಕಿದ್ದು ಎರಡೂವರೆ ಕಿಲೋಮೀಟರಿನ ಸೇತುವೆ ಮಾತ್ರ ಅಲ್ಲ. ಯಾವ ಹೊತ್ತಿಗೆ ಹೊರಟರೂ ಮುಟ್ಟುತ್ತೇವೆ ಎನ್ನುವ ಖಾತ್ರಿ ಸಿಕ್ಕಿತು. ಸೋಗಾನೆಯಿಂದ ನಾವು ಕೇಳುತ್ತಿರುವುದೂ ಅದೇ ಖಾತ್ರಿಯನ್ನು.

ಹಾಗಾದರೆ ವಿಮಾನ ಬೇಡವೇ? ಖಂಡಿತ ಬೇಕು. ಆದರೆ ಅದು ಯಾರಿಗೆ, ಯಾತಕ್ಕೆ ಬೇಕು ಎಂಬುದನ್ನು ವೇಳಾಪಟ್ಟಿ ಮಾಡುವವರು ಒಮ್ಮೆ ಸರಿಯಾಗಿ ಯೋಚಿಸಬೇಕು. ನನ್ನ ಅಂಗಡಿಯ ಅನುಭವದಿಂದ ಹೇಳುತ್ತೇನೆ. ಬೆಂಗಳೂರಿನಲ್ಲಿ ಕೆಲಸ ಇರುವವರಿಗೆ ಸೋಗಾನೆ ವಿಮಾನದಿಂದ ಆಗುವ ಉಪಕಾರ ಕಡಿಮೆ. ಬೆಂಗಳೂರು ದಾಟಿ ಹೋಗಬೇಕಾದವರಿಗೆ ಆಗುವ ಉಪಕಾರ ದೊಡ್ಡದು. ದೆಹಲಿಗೆ, ಕೋಲ್ಕತ್ತಕ್ಕೆ, ಮಸ್ಕತ್ತಿಗೆ, ಲಂಡನ್ನಿಗೆ ಹೋಗುವವರು ಹೇಗಾದರೂ ದೇವನಹಳ್ಳಿಗೇ ಹೋಗಬೇಕು. ಅವರು ರೈಲಿನಲ್ಲಿ ಯಶವಂತಪುರಕ್ಕೋ ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೋ ಹೋಗಿ, ಅಲ್ಲಿಂದ ಪೆಟ್ಟಿಗೆ ಹೊತ್ತು ಏರ್‌ಪೋರ್ಟ್ ಬಸ್ಸು ವಾಯುವಜ್ರ ಹತ್ತಿ ಮತ್ತೆ ಊರಾಚೆ ಬರಬೇಕು. ಕಾರು ಮಾಡಿಕೊಂಡರೆ ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು, ಬೆಂಗಳೂರಿನ ಒಳಗೆ ಹೋಗುವ ಗೋಜಿಲ್ಲ. ಆದರೂ ಶಿವಮೊಗ್ಗದಿಂದ 300 ಕಿ.ಮೀ. ಹತ್ತಿರ, ಆರು ಗಂಟೆಯ ದಾರಿ. ಸಾಗರದಿಂದ ಎಂಟು ಗಂಟೆ. ಈ ಜನರಿಗೆ ವಿಮಾನದಲ್ಲಿ ಮನೆಯಿಂದ ದೇವನಹಳ್ಳಿಯವರೆಗೆ ನಾಲ್ಕೂವರೆ ಐದು ಗಂಟೆಯಾದರೆ ಮೂರು ಗಂಟೆ ಉಳಿತಾಯ. ವಯಸ್ಸಾದವರಿಗೆ, ಮಕ್ಕಳೊಂದಿಗರಿಗೆ, ಕಾಯಿಲೆಯವರಿಗೆ ಆ ಮೂರು ಗಂಟೆಯ ಬೆಲೆ ಬಹಳ ದೊಡ್ಡದು.

ಈ ಉಳಿತಾಯ ಕೈಗೆ ಸಿಗಬೇಕಾದರೆ ಸೋಗಾನೆಯ ವಿಮಾನ ಬೆಂಗಳೂರಿನ ಮುಂದಿನ ವಿಮಾನಕ್ಕೆ ಹೊಂದಬೇಕು. ಶುರುವಾದಾಗ ನಮಗೆ ಸಿಕ್ಕಿದ ಹೊತ್ತು ಯಾವುದು? ಬೆಂಗಳೂರಿನಿಂದ ಬಂದು ಹನ್ನೊಂದರ ಸುಮಾರಿಗೆ ಇಳಿಯುವುದು, ಇಪ್ಪತ್ತು ನಿಮಿಷ ನಿಂತು ಮರಳಿ ಹೊರಡುವುದು, ಮಧ್ಯಾಹ್ನ ಹನ್ನೆರಡೂವರೆಗೆ ದೇವನಹಳ್ಳಿ. ಆಮೇಲೆ ವೇಳೆಗಳು ಅಲ್ಲಿಲ್ಲಿ ಬದಲಾಗಿವೆ, ಚಳಿಗಾಲಕ್ಕೊಂದು ಬೇಸಿಗೆಗೊಂದು ಪಟ್ಟಿ ಬರುತ್ತದೆ. ಆದರೆ ಹಗಲು ಹೊತ್ತಿನ ನಡುವೆ ಬಂದು ಹೋಗುವ ವಿಮಾನ ಯಾರಿಗೆ ಹೊಂದುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಕೊಲ್ಲಿ ದೇಶಗಳಿಗೆ, ಯುರೋಪಿಗೆ ಬೆಂಗಳೂರಿನಿಂದ ಹೋಗುವ ಬಹಳಷ್ಟು ವಿಮಾನಗಳು ನಡುರಾತ್ರಿ ಮತ್ತು ನಸುಕಿನಲ್ಲಿ ಹೊರಡುತ್ತವೆ. ಮಧ್ಯಾಹ್ನ ಹನ್ನೆರಡೂವರೆಗೆ ಇಳಿದ ಅಜ್ಜಿ ರಾತ್ರಿ ಮೂರು ಗಂಟೆಯ ವಿಮಾನಕ್ಕೆ ಹದಿನಾಲ್ಕೂವರೆ ಗಂಟೆ ಕಾಯಬೇಕು. ಅಷ್ಟು ಹೊತ್ತಿನಲ್ಲಿ ಸಾಗರದಿಂದ ದೇವನಹಳ್ಳಿಗೆ ಕಾರಿನಲ್ಲಿ ಹೋಗಿ ಹೆಚ್ಚುಕಡಿಮೆ ವಾಪಸ್ಸೂ ಬರಬಹುದು. ಬರುವಾಗಲೂ ಅದೇ ಪಾಡು. ನಸುಕಿನಲ್ಲಿ ಇಳಿದವರಿಗೆ ಶಿವಮೊಗ್ಗದ ವಿಮಾನ ಹತ್ತಿರ ಹತ್ತಿರ ಹತ್ತು ಗಂಟೆಗೆ.

ನನ್ನ ತಂಗಿ ಒಮ್ಮೆ ಚೌತಿ ಹಬ್ಬಕ್ಕೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಮಸ್ಕತ್ತಿನಿಂದ ಬಂದಳು. ಕರೆದುಕೊಂಡು ಬರಲು ನಾನು ಹಿಂದಿನ ರಾತ್ರಿಯೇ ಬೆಂಗಳೂರಿಗೆ ಹೋಗಿದ್ದೆ, ಅವರ ಜೊತೆಗೆ ನನಗೂ ಶಿವಮೊಗ್ಗದ ಟಿಕೆಟ್ ಮಾಡಿಕೊಂಡಿದ್ದೆ. ಅವಳ ವಿಮಾನ ಬೆಳಗಿನ ಜಾವ ಇಳಿಯಿತು. ಮಳೆಗಾಲದ ಕೊನೆ, ಮಕ್ಕಳಿಬ್ಬರೂ ತೋಳಿಲ್ಲದ ಅಂಗಿಯಲ್ಲಿ ನಡುಗುತ್ತಿದ್ದರು. ದೊಡ್ಡವನು ಟ್ರಾಲಿಯ ಮೇಲೆ ಸೂಟ್‌ಕೇಸಿಗೆ ಕೆನ್ನೆ ಒತ್ತಿ ನಿದ್ದೆ ಹೋದ. ಚಿಕ್ಕವಳನ್ನು ತಂಗಿ ಹೆಗಲ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಹಾಲಿನ ಬಾಟಲಿ ಹಿಡಿದು ಅಡ್ಡಾಡಿದಳು. ಶಿವಮೊಗ್ಗದ ಸಾಲಿನ ಮುಂದೆ ಬೋರ್ಡಿನಲ್ಲಿ ಮೊದಲು ಸರಿಯಾದ ವೇಳೆ ಇತ್ತು. ಆಮೇಲೆ ತಡ ಎಂದು ಬಂತು. ಮತ್ತೊಮ್ಮೆ ತಡ. ಕೌಂಟರಿನ ಹುಡುಗಿ, "ಅಲ್ಲಿ ಮೋಡ ಕೆಳಗಿದೆ ಸರ್, ಕ್ಲಿಯರ್ ಆದ ತಕ್ಷಣ ಬಿಡ್ತೀವಿ" ಅಂದಳು. ಪಾಪ, ಅವಳ ಕೈಯಲ್ಲಿ ಏನಿದೆ? ಹನ್ನೊಂದೂವರೆಗೆ ರದ್ದು ಎಂದು ಬರೆಯಿತು. ಟಿಕೆಟಿನ ದುಡ್ಡು ವಾಪಸ್ ಬರುತ್ತದೆ, ಇಲ್ಲವೇ ನಾಳೆಯ ವಿಮಾನ ಎಂದರು. ಹವಾಮಾನದಿಂದ ರದ್ದಾದರೆ ನಿಯಮದ ಪ್ರಕಾರ ಅಷ್ಟೇ, ಪರಿಹಾರವಿಲ್ಲ. ಕಾರು ಗೊತ್ತು ಮಾಡಿ ಹೊರಟೆವು. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ. ಭದ್ರಾವತಿ ದಾಟಿ ಬರುವಾಗ ಎಡಕ್ಕೋ ಬಲಕ್ಕೋ ನೋಡುವ ಚೈತನ್ಯವೂ ಯಾರಿಗೂ ಉಳಿದಿರಲಿಲ್ಲ. ಮನೆ ಮುಟ್ಟುವಾಗ ರಾತ್ರಿ ಊಟದ ಹೊತ್ತು. ಮಸ್ಕತ್ತಿನಿಂದ ಬೆಂಗಳೂರಿಗೆ ಬರಲು ಹಿಡಿದದ್ದಕ್ಕಿಂತ ಎಷ್ಟೋ ಪಟ್ಟು ಹೊತ್ತು ಬೆಂಗಳೂರಿನಿಂದ ಸಾಗರಕ್ಕೆ ಹಿಡಿಯಿತು.

ಮೋಡಕ್ಕೆ ಯಾರೂ ಹೊಣೆಯಲ್ಲ. ನಮ್ಮ ಮಲೆನಾಡಿನ ಆಷಾಢ ಶ್ರಾವಣದ ಮೋಡ, ಮಾರ್ಗಶಿರದ ಬೆಳಗಿನ ಮಂಜು ಇಲ್ಲಿ ಹುಟ್ಟಿದವರಿಗೆ ಹೊಸದಲ್ಲ, ವಿಮಾನ ನಿಲ್ದಾಣಕ್ಕೆ ಜಾಗ ಗುರುತಿಸಿದವರಿಗೂ ಹೊಸದಾಗಿರಲಿಲ್ಲ. ಪೈಲಟ್ ಬರಿಗಣ್ಣಿನ ನೋಟದ ಮೇಲೆ ಇಳಿಸುವ ನಿಯಮದಲ್ಲಿ 5 ಕಿ.ಮೀ. ದೂರದವರೆಗೆ ನಿಚ್ಚಳವಾಗಿ ಕಾಣಬೇಕು. ಜುಲೈ ತಿಂಗಳಲ್ಲಿ ನಮ್ಮ ಅಂಗಳದಿಂದ ತೋಟದ ತುದಿಯೇ ಕಾಣದ ದಿನಗಳಿರುತ್ತವೆ. ರನ್‌ವೇ ಕಡೆಗೆ ದಾರಿ ತೋರುವ ರೇಡಿಯೊ ಉಪಕರಣ, ಇಳಿಜಾರಿನ ಕೋನ ಹೇಳುವ ದೀಪ, ರಾತ್ರಿ ಇಳಿಯುವ ವ್ಯವಸ್ಥೆ, ಇವೆಲ್ಲ ಇದ್ದಷ್ಟೂ ಕಡಿಮೆ ಬೆಳಕಿನಲ್ಲಿ, ಕೆಳಗಿನ ಮೋಡದಲ್ಲಿ ಇಳಿಯುವ ಸಾಮರ್ಥ್ಯ ಹೆಚ್ಚುತ್ತದೆ. ನಮ್ಮ ರನ್‌ವೇ ಉದ್ದ 3.2 ಕಿ.ಮೀ., ರಾಜ್ಯದಲ್ಲಿ ಬೆಂಗಳೂರಿನ ನಂತರ ಇದೇ ಉದ್ದದ್ದು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಎಟಿಆರ್ ಏರಲು ಇಳಿಯಲು ಅದರ ಅರ್ಧವೂ ಬೇಡ. ಕಾಂಕ್ರೀಟು, ಡಾಂಬರಿಗೆ ಸುರಿದ ಹಣ ವ್ಯರ್ಥ ಎನ್ನುತ್ತಿಲ್ಲ, ಮುಂದೆ ದೊಡ್ಡ ವಿಮಾನ ಬರಲಿ ಎಂದೇ ಅಷ್ಟು ಉದ್ದ ಮಾಡಿದ್ದು. ಆದರೆ ಪೈಲಟ್ಟಿಗೆ ಕಾಣದ ರನ್‌ವೇ ಎಷ್ಟು ಉದ್ದವಿದ್ದರೂ ಚಿಕ್ಕದೇ.

ಇದು ಕೇಂದ್ರದ ಪ್ರಾಧಿಕಾರ ನಡೆಸುವ ನಿಲ್ದಾಣ ಅಲ್ಲ. ನಮ್ಮದೇ ರಾಜ್ಯ ಸರ್ಕಾರ, ತನ್ನ ಕೈಗಾರಿಕೆ ಮತ್ತು ಮೂಲಸೌಲಭ್ಯ ಅಭಿವೃದ್ಧಿ ನಿಗಮವಾದ ಕೆಎಸ್‌ಐಐಡಿಸಿ ಮೂಲಕ ನಡೆಸುತ್ತಿರುವುದು. ಬೇರೆ ಊರಿನವರು ದೆಹಲಿಗೆ ಅರ್ಜಿ ಹಾಕಬೇಕಾದ ಕಡೆ ನಾವು ಬೆಂಗಳೂರಿಗೆ ಹಾಕಿದರೆ ಸಾಕು ಎಂಬುದು ನಮ್ಮ ಭಾಗ್ಯ. ಆದ್ದರಿಂದ ನೇರವಾಗಿ ಕೇಳುತ್ತೇನೆ. ರಾತ್ರಿ ಮತ್ತು ಮಂಜಿನಲ್ಲಿ ಇಳಿಯುವ ವ್ಯವಸ್ಥೆಯ ಪ್ರತಿಯೊಂದು ಕೆಲಸ ಈಗ ಯಾವ ಹಂತದಲ್ಲಿದೆ, ಯಾವುದಕ್ಕೆ ಅನುಮತಿ ಸಿಕ್ಕಿದೆ, ಯಾವುದು ಬಾಕಿ ಇದೆ ಎಂದು ಪ್ರತಿ ತಿಂಗಳೂ ಕನ್ನಡದಲ್ಲಿ ಪ್ರಕಟಿಸಿ. ಶೀಘ್ರದಲ್ಲಿ ಎಂಬ ಪದ ಬೇಡ, ತಾರೀಖು ಕೊಡಿ. ತಾರೀಖು ತಪ್ಪಿದರೆ ಯಾಕೆ ತಪ್ಪಿತು ಎಂದು ಹೇಳಿ, ನಮಗೆ ಅರ್ಥವಾಗುತ್ತದೆ.

ಆ ವ್ಯವಸ್ಥೆ ಬಂದ ಮೇಲೆ ವಿಮಾನ ಕಂಪನಿಗಳ ಜೊತೆ ಕೂತು ಹೊತ್ತು ಬದಲಾಯಿಸಿ. ಬೆಳಿಗ್ಗೆ ಏಳು ಎಂಟರೊಳಗೆ ದೇವನಹಳ್ಳಿ ಮುಟ್ಟುವ ಒಂದು ವಿಮಾನ, ಸಂಜೆ ಅಥವಾ ರಾತ್ರಿ ಮೊದಲ ಜಾವದಲ್ಲಿ ಅಲ್ಲಿಂದ ಇಲ್ಲಿಗೆ ಬಂದು ಹೋಗುವ ಒಂದು ವಿಮಾನ. ಹೀಗಾದರೆ ದೆಹಲಿಗೆ ಹೋಗುವವನು ಮಧ್ಯಾಹ್ನದೊಳಗೆ ಅಲ್ಲಿರುತ್ತಾನೆ. ನಡುರಾತ್ರಿ ವಿದೇಶಕ್ಕೆ ಹೊರಡುವವರು ಇಲ್ಲಿಂದ ಸಂಜೆ ಹೊರಟರೆ ಸಾಕು. ಬೆಂಗಳೂರಿನಲ್ಲಿ ಒಂದು ದಿನದ ಕೆಲಸ ಇರುವ ವ್ಯಾಪಾರಿಗೂ ಆಗ ಮಾತ್ರ ವಿಮಾನ ಉಪಯೋಗಕ್ಕೆ ಬಂದೀತು. ಬೆಂಗಳೂರಿನಂಥ ಕಡೆ ಬೆಳಗಿನ ಹೊತ್ತಿನ ಜಾಗಕ್ಕೆ ದೊಡ್ಡ ಪೈಪೋಟಿ ಇರುತ್ತದೆ, ಸಣ್ಣ ವಿಮಾನಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ ಎಂಬುದು ನನಗೂ ಗೊತ್ತು. ಅದಕ್ಕೇ ಸರ್ಕಾರವೇ ನಿಂತು ಮಾತಾಡಬೇಕು ಎನ್ನುತ್ತಿರುವುದು. ಟಿಕೆಟ್ ಅಂಗಡಿಯವನ ಮಾತು ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಷಯ ನನ್ನ ಮೇಜಿನ ಮೇಲೆ ದಿನವೂ ಬರುತ್ತದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಒಂದು ಟಿಕೆಟ್, ಬೆಂಗಳೂರಿನಿಂದ ಮುಂದಕ್ಕೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಮಾಡಿಸಿದರೆ ಮೊದಲಿನದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಕೇಳುವವರಿಲ್ಲ. ಎರಡನೆಯ ಟಿಕೆಟಿನ ಹಣ ನೀರಿಗೆ ಹೋದ ಹಾಗೆ. ಎರಡೂ ಒಂದೇ ಪಿಎನ್ಆರ್‌ನಲ್ಲಿ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದ್ದು. ಬ್ಯಾಗಿನದೂ ಇದೇ ಕಥೆ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಮಾತ್ರ, ವಿದೇಶದ್ದರಲ್ಲಿ ಹೆಚ್ಚು. ಬೇರೆ ಬೇರೆ ಟಿಕೆಟಾದರೆ ಅಜ್ಜಿ ಮಗಳಿಗೆಂದು ಕಟ್ಟಿಕೊಂಡ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಣಂತಿ ಲೇಹ್ಯಕ್ಕೆ ಸೋಗಾನೆಯಲ್ಲೇ ಹೆಚ್ಚಿನ ತೂಕದ ದುಡ್ಡು ಕಟ್ಟಬೇಕಾಗುತ್ತದೆ. ಅಲ್ಲಿ ಇಳಿದ ಮೇಲೂ ಬೆಲ್ಟಿನಿಂದ ಬ್ಯಾಗು ಎತ್ತಿಕೊಂಡು ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಬೆಂಗಳೂರಿನ ವಿದೇಶಿ ವಿಮಾನಗಳೆಲ್ಲ 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್ಲಿಗೆ ಹೋಗಿವೆ. ಇಳಿದದ್ದು ಒಂದನೇ ಟರ್ಮಿನಲ್ ಆದರೆ ಅಲ್ಲಿಂದ ಶಟಲ್ ಬಸ್ಸಿನಲ್ಲಿ ಎರಡನೆಯದಕ್ಕೆ ಹೋಗಬೇಕು. ಓದುಬರಹ ಗೊತ್ತಿದ್ದವರೇ ಅಲ್ಲಿ ತಬ್ಬಿಬ್ಬಾಗುತ್ತಾರೆ. ಸೋಗಾನೆಯಿಂದ ಹಾರುವ ಕಂಪನಿಗಳು ವಿದೇಶಿ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಶಿವಮೊಗ್ಗದಿಂದಲೇ ಕೊನೆಯ ಊರಿನವರೆಗೆ ಒಂದೇ ಟಿಕೆಟ್, ಒಂದೇ ಬ್ಯಾಗ್ ಚೀಟಿ ಸಿಗುವಂತೆ ಮಾಡಲು ನೀವು ಒತ್ತಾಯಿಸಬೇಕು. ನಿಲ್ದಾಣದಲ್ಲಿ ರಿಯಾಯಿತಿ ಕೊಡುವಾಗ ಈ ಷರತ್ತನ್ನೂ ಸೇರಿಸಬಹುದಲ್ಲ?

ಇಲ್ಲಿಯವರೆಗೆ ಹೇಳಿದ್ದಕ್ಕೆಲ್ಲ ಹಣ ಬೇಕು, ದೆಹಲಿಯ ಅನುಮತಿ ಬೇಕು, ಸಮಯ ಬೇಕು. ಬಸ್ಸಿಗೆ ಇದಾವುದೂ ಬೇಡ, ಮನಸ್ಸು ಮಾಡಿದರೆ ಮುಂದಿನ ತಿಂಗಳೇ ಆಗುತ್ತದೆ. ಆದ್ದರಿಂದ ಕೆಎಸ್‌ಆರ್‌ಟಿಸಿಯವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನ ಗಿರಾಕಿಗಳಲ್ಲಿ ಬಹುಪಾಲು ಜನ ಸೋಗಾನೆಗೆ ಬಾಡಿಗೆ ಕಾರಿನಲ್ಲೇ ಹೋಗುತ್ತಾರೆ. ಹೋಗಿ ಬರುವ ಬಾಡಿಗೆ ಕೆಲವೊಮ್ಮೆ ವಿಮಾನದ ಟಿಕೆಟಿಗಿಂತ ಜಾಸ್ತಿಯಾಗುತ್ತದೆ. ಒಬ್ಬರೇ ಹೋಗುವವರಿಗೆ ಇದು ಕೈಗೆಟುಕುವ ಮಾತಲ್ಲ. ಸಾಮಾನ್ಯ ಬಸ್ಸಿನಲ್ಲಿ ಬಂದರೆ ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಇಳಿದು, ಪೆಟ್ಟಿಗೆಗಳನ್ನು ಆಟೊಕ್ಕೆ ಏರಿಸಿ, ಅಲ್ಲಿಂದ ಇನ್ನೂ ಹತ್ತು ಕಿಲೋಮೀಟರಿನಷ್ಟು. ಎಟಿಆರ್‌ನಲ್ಲಿ ಇರುವುದೇ 80ಕ್ಕಿಂತ ಕಡಿಮೆ ಸೀಟು. ಅದರಲ್ಲಿ ಶಿವಮೊಗ್ಗ, ಭದ್ರಾವತಿಯವರನ್ನು ಬಿಟ್ಟರೆ ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿ, ಶಿಕಾರಿಪುರ, ಶೃಂಗೇರಿ, ಕೊಪ್ಪ ಕಡೆಯವರು ಉಳಿಯುತ್ತಾರೆ. ಇವರಿಗೆ ದೊಡ್ಡ ಐರಾವತ ಬೇಡ. ಇಪ್ಪತ್ತು ಇಪ್ಪತ್ತೈದು ಸೀಟಿನ ಮಿನಿ ಬಸ್ಸು ಸಾಕು, ಹಿಂದೆ ಲಗೇಜು ಇಡಲು ಜಾಗ ಇರಲಿ. ಒಂದು ಬಸ್ಸು ಸಾಗರದಿಂದ ಆನಂದಪುರ, ಆಯನೂರು ಮೇಲೆ. ಇನ್ನೊಂದು ತೀರ್ಥಹಳ್ಳಿಯಿಂದ ಮಂಡಗದ್ದೆ ಮೇಲೆ. ಇವೆರಡರಿಂದಲೇ ಶುರುಮಾಡಿ ನೋಡಿ. ದೇವನಹಳ್ಳಿಯಿಂದ ಮೈಸೂರಿಗೆ, ಮಡಿಕೇರಿಗೆ ಫ್ಲೈಬಸ್ ಓಡಿಸಿದ ಅನುಭವ ನಿಮಗಿದೆ, ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ.

ಆದರೆ ಒಂದು ಮಾತು. ಈ ಬಸ್ಸಿನ ವೇಳೆ ಗಡಿಯಾರಕ್ಕೆ ಅಲ್ಲ, ವಿಮಾನಕ್ಕೆ ಜೋಡಿಸಿರಬೇಕು. ವಿಮಾನ ಒಂದು ಗಂಟೆ ತಡವಾದರೆ ಬಸ್ಸೂ ಒಂದು ಗಂಟೆ ಕಾಯಬೇಕು. ಕೊನೆಯ ಪ್ರಯಾಣಿಕ ಬ್ಯಾಗು ಎತ್ತಿಕೊಂಡು ಹೊರಗೆ ಬರುವವರೆಗೆ ಬಸ್ಸು ಬಾಗಿಲಲ್ಲಿ ನಿಂತಿರಬೇಕು. ಇಷ್ಟು ಖಾತ್ರಿ ಇಲ್ಲದಿದ್ದರೆ ಜನ ಮತ್ತೆ ಕಾರಿಗೇ ಹೋಗುತ್ತಾರೆ, ಬಸ್ಸು ಖಾಲಿ ಓಡುತ್ತದೆ. ಆರು ತಿಂಗಳಿಗೆ ಪ್ರಯಾಣಿಕರ ಕೊರತೆ ಎಂದು ಅದು ನಿಂತುಹೋಗಬಾರದು. ಖಾಲಿ ಓಡಿದ ಬಸ್ಸನ್ನು ತೋರಿಸಿ ಜನರಿಗೆ ಬೇಡ ಎನ್ನುವುದು ನ್ಯಾಯವಲ್ಲ, ಜನರಿಗೆ ಹೊಂದುವ ಹೊತ್ತಿಗೆ ಅದನ್ನು ಬಿಟ್ಟಿತ್ತೇ ಎಂದೂ ನೋಡಬೇಕು. ವಿಮಾನ ರದ್ದಾದ ದಿನ ದೇವನಹಳ್ಳಿಯಲ್ಲಿ ಸಿಕ್ಕಿಬಿದ್ದವರಿಗೆ ಅದೇ ಟಿಕೆಟ್ ತೋರಿಸಿದರೆ ದಾಬಸ್‌ಪೇಟೆ ಮೇಲೆ ನೇರ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಸೀಟು ಸಿಗುವಂತೆ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳಲು ಸಾಧ್ಯವೇ ನೋಡಿ. ನನ್ನ ತಂಗಿಯಂಥವರಿಗೆ ಮಳೆಗಾಲದಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕೆಲವರು ಕೇಳುತ್ತಾರೆ, ಮಂಗಳೂರು ವಿಮಾನ ನಿಲ್ದಾಣ ಹತ್ತಿರವೇ ಇದೆಯಲ್ಲ, ಅಲ್ಲಿಂದ ನೇರ ಕೊಲ್ಲಿ ದೇಶಕ್ಕೇ ಹೋಗಬಹುದಲ್ಲ ಅಂತ. ಸೋಗಾನೆಯಿಂದ ಆ ನಿಲ್ದಾಣ ಇರುವ ಬಜ್ಪೆಗೆ ಆಕಾಶದಲ್ಲಿ ಸುಮಾರು 125 ಕಿ.ಮೀ., ಅಂದರೆ ದೇವನಹಳ್ಳಿಯ ಅರ್ಧದಷ್ಟು. ನೆಲದ ಮೇಲೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಕಾರ್ಕಳ, ಮೂಡುಬಿದಿರೆ ಎಂದು 200 ಕಿ.ಮೀ. ಹತ್ತಿರ. ನಡುವೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು. ಮಳೆಗಾಲದಲ್ಲಿ ಮಣ್ಣು ಕುಸಿದರೆ, ಮರ ಬಿದ್ದರೆ ದಾರಿಯೇ ಬಂದ್, ಭಾರಿ ವಾಹನಗಳಿಗಂತೂ ಪ್ರತಿ ವರ್ಷ ನಿರ್ಬಂಧ. ತೀರ್ಥಹಳ್ಳಿ, ಕೊಪ್ಪದವರಿಗೆ ಬೇಸಿಗೆಯಲ್ಲಿ ಬಜ್ಪೆ ಒಳ್ಳೆಯ ಆಯ್ಕೆ, ನಾನೇ ಹಾಗೆ ಟಿಕೆಟ್ ಮಾಡಿಕೊಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧೈರ್ಯ ಬರುವುದಿಲ್ಲ. ಆ ನಾಲ್ಕು ತಿಂಗಳು ಘಾಟಿಯೂ ಕೈಕೊಡುತ್ತದೆ, ಸೋಗಾನೆಯ ಮೋಡವೂ ಕೈಕೊಡುತ್ತದೆ. ಮಲೆನಾಡಿನವರಿಗೆ ವಿಮಾನ ನಿಲ್ದಾಣದ ನಿಜವಾದ ಅಗತ್ಯ ಇರುವುದೂ ಆ ನಾಲ್ಕು ತಿಂಗಳಲ್ಲೇ.

ಕೊನೆಯದಾಗಿ ಉಡಾನ್, ಅಂದರೆ ಸಣ್ಣ ಊರುಗಳಿಗೂ ವಿಮಾನ ಓಡಿಸಲು ಕೇಂದ್ರ ಸರ್ಕಾರ ತಂದ ಯೋಜನೆ. ಹೈದರಾಬಾದ್, ತಿರುಪತಿ, ಗೋವಾಕ್ಕೆ ಶಿವಮೊಗ್ಗದಿಂದ ವಿಮಾನ ಬಂದದ್ದು 2023ರ ನವೆಂಬರಿನಲ್ಲಿ, ಆ ಯೋಜನೆಯ ಅಡಿಯಲ್ಲಿ. ಅದರಲ್ಲಿ ನಷ್ಟ ತುಂಬಿಕೊಡುವ ಸಹಾಯಧನ ಸಿಗುವುದು ಒಂದು ಮಾರ್ಗಕ್ಕೆ ಮೂರು ವರ್ಷ. ಸಹಾಯಧನ ನಿಂತ ಮೇಲೆ ಮಾರ್ಗವೂ ನಿಂತ ಉದಾಹರಣೆಗಳು ದೇಶದ ಹಲವು ಸಣ್ಣ ನಿಲ್ದಾಣಗಳಲ್ಲಿವೆ. ಅಷ್ಟರೊಳಗೆ ಜನ ರೂಢಿಗೆ ಬೀಳಬೇಕು. ಟಿಕೆಟ್ ಮಾಡಿಸಿದರೆ ಹೋಗಿಯೇ ಹೋಗುತ್ತೇವೆ, ಇಳಿದರೆ ಊರಿಗೆ ಮುಟ್ಟಿಯೇ ಮುಟ್ಟುತ್ತೇವೆ ಎಂಬ ನಂಬಿಕೆ ಹುಟ್ಟದೆ ಯಾರೂ ರೂಢಿಗೆ ಬೀಳುವುದಿಲ್ಲ. ರದ್ದಾದ ಒಂದು ವಿಮಾನದ ಸುದ್ದಿ ನಮ್ಮ ಕಡೆ ಹತ್ತು ಮನೆಗೆ ಹೋಗುತ್ತದೆ. ಆ ಹತ್ತು ಮನೆಯವರೂ ಮುಂದಿನ ಸಲ ರಾತ್ರಿ ಬಸ್ಸನ್ನೇ ಕೇಳಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ನನಗೆ ಯಾವ ಟಿಕೆಟಾದರೂ ಒಂದೇ. ಆದರೆ ಇಷ್ಟು ವರ್ಷ ಕಾದು ಬಂದ ನಿಲ್ದಾಣ, ಭೂಮಿ ಬಿಟ್ಟುಕೊಟ್ಟ ಸೋಗಾನೆಯ ರೈತರ ನಿಲ್ದಾಣ ಖಾಲಿ ಬೀಳುವುದನ್ನು ನೋಡಲು ನನಗೆ ಮನಸ್ಸಿಲ್ಲ.

ಹೊಸ ವೇಳಾಪಟ್ಟಿ ನಿಗದಿ ಮಾಡುವ ಮೊದಲು ಸಾಗರದಲ್ಲೊಂದು, ತೀರ್ಥಹಳ್ಳಿಯಲ್ಲೊಂದು ಸಭೆ ಕರೆಯಿರಿ. ವಿಮಾನ ಕಂಪನಿಯವರೂ ಬಸ್ ಡಿಪೊದವರೂ ಒಂದೇ ಮೇಜಿನಲ್ಲಿ ಕೂರಲಿ. ಯಾವ ಹೊತ್ತಿಗೆ ಹೊರಟರೆ ಯಾವ ಹೊತ್ತಿಗೆ ಮುಟ್ಟಬೇಕು ಎಂದು ಪ್ರಯಾಣಿಕರೇ ಹೇಳುತ್ತಾರೆ. ನಾನಂತೂ ಅಂಗಡಿ ಮುಚ್ಚಿ ಬರುತ್ತೇನೆ, ಗಿರಾಕಿಗಳು ಹೇಳಿದ ಹೊತ್ತುಗಳನ್ನೆಲ್ಲ ಬರೆದುಕೊಂಡು ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಸಾಗರ ಪೇಟೆಯ ಒಬ್ಬ ಟಿಕೆಟ್ ಅಂಗಡಿಯವ